ಸರೇಸು, ದಾರ, ದಫ್ತರ

ರಾಯಚೂರಿನ ತೀನ್ ಕಂದೀಲ್ ಹತ್ತಿರ ನಮ್ಮಪ್ಪನದು ಬೈಂಡಿಂಗ್ ಅಂಗಡಿ. ಜೂನ್ ಬಂತೆಂದರೆ ಮೈದಾ ಅಂಟು ಕುದಿಯುವ ವಾಸನೆ. ಹುಳ ಹತ್ತಬಾರದು ಅಂತ ಅಪ್ಪ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದ. ದಪ್ಪ ರಿಜಿಸ್ಟರುಗಳ ಬೆನ್ನಿಗೆ ಮಾತ್ರ ಸರೇಸು, ಅಂದರೆ ಚರ್ಮ, ಎಲುಬು ಕುದಿಸಿ ಮಾಡಿದ ಗಟ್ಟಿ ಅಂಟು. ಬಿಸಿ ಇರುವಾಗಲೇ ಬ್ರಷ್‌ನಿಂದ ಎಳೆಯಬೇಕು, ಆರಿದರೆ ಗಂಟು ಕಟ್ಟುತ್ತದೆ.

ನಾನು ಗ್ರಂಥಾಲಯ ವಿಜ್ಞಾನ ಓದಲು ಸೇರಿದ ಮೊದಲ ವಾರವೇ ಬೋರ್ಡಿನ ಮೇಲೆ ಬಿಬ್ಲಿಯೋಗ್ರಫಿ, ಬಿಬ್ಲಿಯೋಫೈಲ್, ಬಿಬ್ಲಿಯೋಮೇನಿಯಾ ಅಂತ ಸಾಲಾಗಿ ಬಂದವು. ಕನ್ನಡ ಮಾಧ್ಯಮದಿಂದ ಹೋದವಳು ನಾನು. ಎದೆ ಧಸಕ್ಕೆಂದಿತು. ಉರು ಹೊಡೆದರೂ ತಲೆಗೆ ಹತ್ತಲಿಲ್ಲ. ಕೊನೆಗೆ ಡಿಕ್ಷನರಿ ಹಿಡಿದು ಒಂದೊಂದೇ ಪದ ಬಿಡಿಸುತ್ತಾ ಕೂತೆ.

ಬಿಬ್ಲಿಯಾನ್ ಅಂದರೆ ಗ್ರೀಕಿನಲ್ಲಿ ಪುಸ್ತಕ. ಅದರ ಹಿಂದಿರುವ ಬಿಬ್ಲೋಸ್ ಅಂದರೆ ಪಪೈರಸ್, ನೈಲ್ ನದಿಯ ಜೌಗಿನಲ್ಲಿ ಬೆಳೆಯುವ ಜೊಂಡು. ಗ್ರಾಫೀನ್ ಅಂದರೆ ಬರೆಯೋದು, ಮೇನಿಯಾ ಅಂದರೆ ಹುಚ್ಚು. ಬೈಬಲ್ ಕೂಡ ಇದೇ ಬುಡದ್ದು, ಸುಮ್ನೆ 'ಪುಸ್ತಕಗಳು' ಅಂತ. ಜೊಂಡಿನ ಹೆಸರು ಪುಸ್ತಕಕ್ಕೆ ಬಂತು. ನಮ್ಮಲ್ಲೂ ತಾಳೆಯ ಓಲೆ ಮೇಲೆ ಬರೆದು ಬರೆದು ಪತ್ರವನ್ನೇ ಓಲೆ ಅಂದೆವು, ಅಲ್ವಾ? ಫ್ರೆಂಚರು ಲೈಬ್ರರಿಗೆ ಬಿಬ್ಲಿಯೋತೆಕ್ ಅನ್ನುತ್ತಾರೆ. ಅದರ ಬಾಲದಲ್ಲಿರುವ ಥೀಕೆ ಅಂದರೆ ಪೆಟ್ಟಿಗೆ.

ದೊಡ್ಡ ಗ್ರಂಥಕ್ಕೆ ಇಂಗ್ಲಿಷಿನವರು ಟೋಮ್ ಅನ್ನುತ್ತಾರೆ. ಗ್ರೀಕಿನ ತೋಮೋಸ್ ಅಂದರೆ ಕತ್ತರಿಸಿದ ತುಂಡು. ನಾವು 'ಮೊದಲನೇ ಖಂಡ' ಅಂದಾಗಲೂ ಅದೇ ತುಂಡು! ಇದು ಹೊಳೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಅಪ್ಪನಿಗೆ ಹೇಳಲೇಬೇಕು ಅನ್ನಿಸಿದ್ದು ಪ್ರೋಟೋಕಾಲ್. ಮಂತ್ರಿಗಳು ಬಂದಾಗ ಕಚೇರಿಯವರು ಓಡಾಡುತ್ತಾರಲ್ಲ, ಅದೇ ಪದ. ಪ್ರೋಟೋಸ್ ಅಂದರೆ ಮೊದಲು, ಕೊಲ್ಲಾ ಅಂದರೆ ಅಂಟು. ಪಪೈರಸ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಮಾಡುತ್ತಿದ್ದರು. ಅದರ ತುದಿಗೆ ಅಂಟಿಸಿದ ಮೊದಲ ಹಾಳೆಯೇ ಪ್ರೋಟೋಕಾಲ್. ಆಮೇಲೆ ಅದು ದಾಖಲೆಗೆ ಹೆಸರಾಯಿತು, ನಂತರ ರಾಜತಾಂತ್ರಿಕರ ಒಪ್ಪಂದಕ್ಕೆ, ಶಿಷ್ಟಾಚಾರಕ್ಕೆ.

ಅಪ್ಪ ಹೊಲಿಗೆ ನಿಲ್ಲಿಸಿ ಕೇಳಿದ. ದಾರ ಹಲ್ಲಿನಲ್ಲೇ ಇತ್ತು.

"ಅಂದ್ರ ಅವರೂ ಸರೇಸು ಹಚ್ಚೋ ಮಂದಿನೇ ಏನು?"

"ಹೌದಪ್ಪ, ಆ ಪದಾನೇ ಅಂಟಿಂದು."

ಆಗ ನಾನು ಇನ್ನೊಂದು ಪದ ಹೇಳಿದೆ. ದಿಫ್ತೆರಾ, ಅಂದರೆ ಹದ ಮಾಡಿದ ಚರ್ಮ. ಹಿಂದೆ ಪಪೈರಸ್ ಸಿಗದಾಗ ಅಯೋನಿಯಾದ (ಈಗಿನ ಟರ್ಕಿಯ ಪಶ್ಚಿಮ ಕರಾವಳಿ) ಗ್ರೀಕರು ಆಡು, ಕುರಿ ಚರ್ಮದ ಮೇಲೆ ಬರೆಯುತ್ತಿದ್ದರಂತೆ. ಹಾಗಾಗಿ ಪಪೈರಸ್ ಬಂದ ಮೇಲೂ ಪುಸ್ತಕಕ್ಕೆ ಚರ್ಮ ಅಂತಲೇ ಕರೆದರು ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಗಂಟಲಲ್ಲಿ ಚರ್ಮದಂಥ ಪೊರೆ ಕಟ್ಟುವ ಡಿಫ್ತೀರಿಯಾ ರೋಗದ ಹೆಸರೂ ಇಲ್ಲಿಂದಲೇ. ಆ ದಿಫ್ತೆರಾ ಪರ್ಷಿಯನ್ನರ ಬಾಯಲ್ಲಿ ದಫ್ತರ್ ಆಯಿತು. ಅಲ್ಲಿಂದ ಉರ್ದುವಿಗೆ, ಉರ್ದುವಿನಿಂದ ನಮಗೆ. ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿತ್ತು, ಕಚೇರಿಯ ಭಾಷೆ ಉರ್ದು. ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದಪತ್ರಕ್ಕೆ ನಮ್ಮ ಮನೆಯಲ್ಲಿ ಇವತ್ತಿಗೂ ದಫ್ತರ ಅಂತಲೇ ಹೆಸರು. ಬೋರ್ಡಿನ ಮೇಲೆ ನನ್ನನ್ನು ಹೆದರಿಸಿದ ಭಾಷೆಯ ಪದವೊಂದು ನಮ್ಮ ಅಟ್ಟದ ಮೇಲೇ ಇತ್ತು.

ಅಪ್ಪ ಬಾಯಿಂದ ದಾರ ತೆಗೆದ.

"ನಿಮ್ಮ ತಾತ ಕಚೇರಿ ಬುಕ್ಕು ಹೊಲೀತಿದ್ದ. ಮಂದಿ ಅವನಿಗೆ ಏನಂತ ಕರೀತಿದ್ರು ಗೊತ್ತದ ಏನು? ದಫ್ತರಿ."