ಐದು ಸಲ ದೇಶದ ಚಾಂಪಿಯನ್ ಆದ ದೆಂಪೊ ಐಎಸ್‌ಎಲ್‌ನಲ್ಲಿ ಯಾಕಿಲ್ಲ?

ವಾಸ್ಕೋ, ಮಡಗಾಂವ್, ಪಣಜಿ ಕಡೆ ನೆಲೆಸಿರುವ ಕನ್ನಡಿಗರು ಫುಟ್‌ಬಾಲ್ ಮಾತು ಬಂದಾಗಲೆಲ್ಲ ಕೇಳುವ ಪ್ರಶ್ನೆ ಇದೇ. ದೆಂಪೊ ಗೋವಾದ ಹಳೆಯ ಕ್ಲಬ್, ಐಎಸ್‌ಎಲ್ ಎಂದರೆ ಇಂಡಿಯನ್ ಸೂಪರ್ ಲೀಗ್, ದೇಶದ ಈಗಿನ ಅಗ್ರ ಫುಟ್‌ಬಾಲ್ ಲೀಗ್. ಊರಿನಿಂದ ಬಂದ ನೆಂಟರು ಮಡಗಾಂವ್‌ನ ಫಾತೋರ್ಡಾ ಕ್ರೀಡಾಂಗಣದಲ್ಲಿ ಐಎಸ್‌ಎಲ್ ತಂಡ ಎಫ್‌ಸಿ ಗೋವಾದ ಪಂದ್ಯ ನೋಡಿಕೊಂಡು ಬಂದ ಮೇಲೂ ಇದನ್ನೇ ಕೇಳುತ್ತಾರೆ: "ದೆಂಪೊ, ಸಾಳಗಾಂವ್ಕರ್, ಚರ್ಚಿಲ್ ಅಂತ ಪೇಪರಿನಲ್ಲಿ ಓದುತ್ತಿದ್ದೆವಲ್ಲ, ಅವೆಲ್ಲ ಎಲ್ಲಿ ಹೋದವು? ಸೋತು ಕೆಳಗೆ ಬಿದ್ದವಾ?"

ಸೋತಿದ್ದು ಮುಖ್ಯ ಕಾರಣವಲ್ಲ. ಲೀಗಿನ ಒಳಗೆ ಬರುವ ಬಾಗಿಲನ್ನೇ ಬದಲಾಯಿಸಿದರು. ಯಾವುದೇ ದೇಶದ ಅಗ್ರ ಲೀಗನ್ನು ಅರ್ಥ ಮಾಡಿಕೊಳ್ಳಬೇಕಾದರೆ ಯಾರು ಗೆದ್ದರು ಎಂಬುದಕ್ಕಿಂತ ಮೊದಲು, ತಂಡ ಒಳಗೆ ಬರುವುದು ಹೇಗೆ, ಹೊರಗೆ ಹೋಗುವುದು ಹೇಗೆ ಎಂದು ನೋಡಬೇಕು. ನಮ್ಮ ದೇಶದಲ್ಲಿ ಈ ನಿಯಮ 30 ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಪ್ರತಿ ಬದಲಾವಣೆಯ ಪೆಟ್ಟು ಗೋವಾಕ್ಕೆ ತಗುಲಿದೆ.

1996ರವರೆಗೆ ಭಾರತದಲ್ಲಿ ಕ್ಲಬ್‌ಗಳಿಗೆ ರಾಷ್ಟ್ರೀಯ ಲೀಗ್ ಎಂಬುದೇ ಇರಲಿಲ್ಲ. ಡ್ಯೂರಾಂಡ್ ಕಪ್, ಮುಂಬೈಯ ರೋವರ್ಸ್ ಕಪ್, 1977ರಿಂದ ಫೆಡರೇಷನ್ ಕಪ್ ಇದ್ದವು. ಎಲ್ಲವೂ ಕೆಲವೇ ವಾರಗಳಲ್ಲಿ ಮುಗಿಯುವ ಟೂರ್ನಿಗಳು. ರಾಜ್ಯಗಳ ನಡುವೆ ಸಂತೋಷ್ ಟ್ರೋಫಿ. 1996-97ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾಯಿತು. 12 ತಂಡಗಳಿದ್ದ ಮೊದಲ ವರ್ಷ ಪಂಜಾಬಿನ ಫಗ್ವಾಡಾದ ಜೆಸಿಟಿ ಗೆದ್ದಿತು, ಚರ್ಚಿಲ್ ಬ್ರದರ್ಸ್ ಎರಡನೆಯದು. ಮರುವರ್ಷವೇ ಎರಡನೇ ಡಿವಿಜನ್ ಬಂತು. ಅಂದಿನಿಂದ ಲೆಕ್ಕ ಸರಳ: ಮೇಲೆ ಕೊನೆಗೆ ನಿಂತವರು ಕೆಳಗೆ, ಕೆಳಗೆ ಗೆದ್ದವರು ಮೇಲೆ.

ಆ ಲೆಕ್ಕದಲ್ಲಿ ಗೋವಾ ಏನು ಮಾಡಿತು ನೋಡಿ. 1998-99ರಲ್ಲಿ ಸಾಳಗಾಂವ್ಕರ್, 2004-05ರಲ್ಲಿ ದೆಂಪೊ. ನಡುವೆ 2005-06ರಲ್ಲಿ ಮುಂಬೈಯ ಮಹೀಂದ್ರಾ ಯುನೈಟೆಡ್. ಆಮೇಲೆ 2006-07ರಲ್ಲಿ ಮತ್ತೆ ದೆಂಪೊ. 2007ರಲ್ಲಿ ಲೀಗಿಗೆ ಐ-ಲೀಗ್ ಎಂದು ಹೊಸ ಹೆಸರು ಬಂದ ಮೇಲೆ ದೆಂಪೊ, ಚರ್ಚಿಲ್, ದೆಂಪೊ, ಸಾಳಗಾಂವ್ಕರ್, ದೆಂಪೊ, ಚರ್ಚಿಲ್. ಅಂದರೆ 2013ರವರೆಗೆ ಸತತ ಏಳು ವರ್ಷ ಪ್ರಶಸ್ತಿ ಗೋವಾ ಬಿಟ್ಟು ಹೊರಗೆ ಹೋಗಲೇ ಇಲ್ಲ. 10 ತಂಡಗಳಿದ್ದ 2007-08ರ ಐ-ಲೀಗಿನಲ್ಲಿ ದೆಂಪೊ ಮತ್ತು ಚರ್ಚಿಲ್ ಎರಡೂ 18 ಪಂದ್ಯಗಳಿಂದ 36 ಅಂಕ ಗಳಿಸಿದ್ದವು, ಗೋಲುಗಳ ಅಂತರದಲ್ಲಿ ದೆಂಪೊ ಮುಂದಾಯಿತು. ಒಂದು ಲಕ್ಷ ಜನಸಂಖ್ಯೆಯ ಆಸುಪಾಸಿನ ಊರುಗಳಿಂದ ಬಂದ ಎರಡು ಕ್ಲಬ್‌ಗಳು ಇಡೀ ದೇಶದ ಪ್ರಶಸ್ತಿಗೆ ಪರಸ್ಪರ ಪೈಪೋಟಿ ನಡೆಸಿದವು. ದೆಂಪೊದ ಐದೂ ಪ್ರಶಸ್ತಿಗಳ ಹೊತ್ತಿಗೆ ತರಬೇತುದಾರರಾಗಿದ್ದವರು ಅರ್ಮಾಂಡೊ ಕೊಲಾಸೊ. ಅದೇ 2008ರಲ್ಲಿ ತಂಡ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಸೆಮಿಫೈನಲ್‌ವರೆಗೂ ಹೋಗಿತ್ತು. ಆ ತಂಡಕ್ಕೆ ಸಿಗಬೇಕಾದ ಮಾನ್ಯತೆ ದೇಶದಲ್ಲಿ ಇವತ್ತಿಗೂ ಸಿಕ್ಕಿಲ್ಲ ಎಂದೇ ನಮ್ಮ ಅಭಿಪ್ರಾಯ.

ಆದರೆ ಈ ಕ್ಲಬ್‌ಗಳ ಬುನಾದಿಯಲ್ಲಿ ಒಂದು ದೌರ್ಬಲ್ಯ ಇತ್ತು. ಟಿಕೆಟ್, ಟಿವಿ ಹಕ್ಕು, ಜೆರ್ಸಿ ಮಾರಾಟ ಯಾವುದರಿಂದಲೂ ಹೇಳಿಕೊಳ್ಳುವಂಥ ವರಮಾನ ಬರುತ್ತಿರಲಿಲ್ಲ. ಮನೆತನದ ಉದ್ಯಮ ಕೊಟ್ಟ ದುಡ್ಡಿನಲ್ಲೇ ಕ್ಲಬ್ ನಡೆಯಬೇಕು. ಆ ಉದ್ಯಮಗಳಲ್ಲಿ ಗಣಿಗಾರಿಕೆ ದೊಡ್ಡದು. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಗೋವಾದ ಗಣಿಗಳು ನಿಂತಾಗ ಇಡೀ ರಾಜ್ಯದ ಕೈ ಬಿಗಿಯಾಯಿತು. ಮುಂಬೈಯಲ್ಲೂ ಇದೇ ಕಥೆ. ಮಹೀಂದ್ರಾ ಯುನೈಟೆಡ್ ನಡೆಸುತ್ತಿದ್ದ ಕಂಪನಿ 2009-10ರ ನಂತರ ತಂಡವನ್ನು ಮುಚ್ಚಿಬಿಟ್ಟಿತು. ಚಾಂಪಿಯನ್ ಆಗಿ ಆಗ ನಾಲ್ಕು ವರ್ಷವಷ್ಟೇ ಆಗಿತ್ತು.

ನಿಯಮ ಬದಲಾಗಿದ್ದು ಇಲ್ಲಿಂದ ಮುಂದೆ. 2010ರ ಡಿಸೆಂಬರಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 15 ವರ್ಷಗಳ ವಾಣಿಜ್ಯ ಹಕ್ಕನ್ನು 700 ಕೋಟಿ ರೂಪಾಯಿಗೆ ಐಎಂಜಿ-ರಿಲಯನ್ಸ್ ಕಂಪನಿಗೆ ಕೊಟ್ಟಿತು. 2014ರಲ್ಲಿ ಹುಟ್ಟಿದ ಇಂಡಿಯನ್ ಸೂಪರ್ ಲೀಗ್ ಈ ಒಪ್ಪಂದದ ಫಲ. ಮೊದಲ ವರ್ಷ ಎಂಟು ತಂಡ, 61 ಪಂದ್ಯ, ಅಕ್ಟೋಬರ್ 12ರಿಂದ ಡಿಸೆಂಬರ್ 20ರವರೆಗೆ ಬರೀ 70 ದಿನ. ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದ ಫೈನಲ್‌ನಲ್ಲಿ ಅಟ್ಲೆಟಿಕೊ ಡಿ ಕೋಲ್ಕತಾ ತಂಡ ಕೇರಳ ಬ್ಲಾಸ್ಟರ್ಸ್ ವಿರುದ್ಧ 1-0ಯಿಂದ ಗೆದ್ದಿತು. ಐಪಿಎಲ್ ಮಾದರಿ ಎಂದರೆ ಎಲ್ಲರಿಗೂ ತಿಳಿಯುತ್ತದೆ: ನಗರಕ್ಕೊಂದು ಫ್ರಾಂಚೈಸಿ, ಒಳಗೆ ಬರಲು ಅಂಕ ಬೇಡ, ಕೋಟಿಗಟ್ಟಲೆ ಶುಲ್ಕ ಬೇಕು. ಎಷ್ಟೇ ಕೆಳಗೆ ಬಿದ್ದರೂ ಹೊರಗೆ ಹಾಕುವ ಹಾಗಿಲ್ಲ. ಗೋವಾಕ್ಕೆ ಸಿಕ್ಕಿದ್ದು ಒಂದೇ ಜಾಗ, ಅದು ಹೊಸದಾಗಿ ಕಟ್ಟಿದ ಎಫ್‌ಸಿ ಗೋವಾಕ್ಕೆ. ಅದರ ಮೊದಲ ಮಾಲೀಕರ ಕೂಟದಲ್ಲಿ ಶ್ರೀನಿವಾಸ ದೆಂಪೊ ಅವರೂ ಇದ್ದರು. ಮನೆತನದ ಹೆಸರು ಒಳಗಿತ್ತು, ಆ ಹೆಸರಿನ ತಂಡ ಹೊರಗಿತ್ತು.

ಹಾಗಂತ ಎಲ್ಲ ತಪ್ಪನ್ನೂ ಐಎಸ್‌ಎಲ್ ತಲೆಗೆ ಕಟ್ಟುವುದು ನ್ಯಾಯವಲ್ಲ. ದುಡ್ಡು ಕೊಟ್ಟು ನೇರವಾಗಿ ಒಳಗೆ ಬರುವ ಪದ್ಧತಿ ಐ-ಲೀಗಿನಲ್ಲೇ ಶುರುವಾಗಿತ್ತು. 2013ರಲ್ಲಿ ಬೆಂಗಳೂರು ಎಫ್‌ಸಿ ಬಂದಿದ್ದು ಹೀಗೆಯೇ. ಬಂದ ಮೊದಲ ವರ್ಷವೇ, 2014ರ ಏಪ್ರಿಲ್ 21ರಂದು ಇದೇ ಫಾತೋರ್ಡಾದಲ್ಲಿ ದೆಂಪೊವನ್ನು 4-2ರಿಂದ ಸೋಲಿಸಿ ಚಾಂಪಿಯನ್ ಆಯಿತು. ಕನ್ನಡಿಗರಿಗೆ ಅದು ಹೆಮ್ಮೆಯ ದಿನ. ಬೆಂಗಳೂರು ಚೆನ್ನಾಗಿಯೇ ಆಡಿತು, ಕ್ಲಬ್ಬನ್ನು ಶಿಸ್ತಾಗಿ ಕಟ್ಟಿತು ಎನ್ನುವುದರಲ್ಲಿ ಎರಡು ಮಾತಿಲ್ಲ. ಅದೇ ವರ್ಷದ ಆರಂಭದಲ್ಲಿ ಫೆಡರೇಷನ್ ಕಪ್ ಗೆದ್ದಿದ್ದ ಚರ್ಚಿಲ್ ಬ್ರದರ್ಸ್, ಕ್ಲಬ್ ಪರವಾನಗಿಯ ಷರತ್ತು ಪೂರೈಸದೆ ಲೀಗಿನಿಂದ ಹೊರಬಿತ್ತು.

ಮರುವರ್ಷ ನಡೆದಿದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2014-15ರ ಐ-ಲೀಗಿನಲ್ಲಿ 11 ತಂಡಗಳಿದ್ದವು. ಕೊನೆಯ ಸ್ಥಾನ ಪುಣೆಯ ಹೊಸ ತಂಡ ಭಾರತ್ ಎಫ್‌ಸಿಗೆ. ಅದರ ಒಂದು ಮೆಟ್ಟಿಲು ಮೇಲೆ ದೆಂಪೊ. ಕೊನೆಗೆ ನಿಂತವರು ಕೆಳಗಿಳಿಯಬೇಕು ತಾನೆ? ಆದರೆ ನೇರ ಪ್ರವೇಶ ಪಡೆದ ತಂಡಕ್ಕೆ ಆರಂಭದ ವರ್ಷಗಳಲ್ಲಿ ಹಿಂಬಡ್ತಿ ಇಲ್ಲ ಎಂಬ ನಿಯಮ ಇತ್ತು. ಹಾಗಾಗಿ ಐದು ಸಲದ ಚಾಂಪಿಯನ್ ದೆಂಪೊ ಎರಡನೇ ಡಿವಿಜನ್‌ಗೆ ಇಳಿಯಿತು. ಆ ನಿಯಮದಿಂದ ಉಳಿದುಕೊಂಡ ಭಾರತ್ ಎಫ್‌ಸಿ ಒಂದೇ ವರ್ಷಕ್ಕೆ ಬಾಗಿಲು ಹಾಕಿತು. ಹೊಸ ಹೂಡಿಕೆದಾರರಿಗೆ ಧೈರ್ಯ ಕೊಡಲು ಮಾಡಿದ ನಿಯಮ ಹೂಡಿಕೆದಾರರನ್ನೂ ಉಳಿಸಲಿಲ್ಲ, ಹಳೆಯ ಕ್ಲಬ್ಬನ್ನೂ ಉಳಿಸಲಿಲ್ಲ.

ದೆಂಪೊ ಮರುವರ್ಷವೇ ಎರಡನೇ ಡಿವಿಜನ್ ಗೆದ್ದು ಮೇಲೆ ಬರುವ ಹಕ್ಕು ಸಂಪಾದಿಸಿತು. ಅಷ್ಟರಲ್ಲಿ, 2016ರಲ್ಲಿ, ಐಎಸ್‌ಎಲ್ಲನ್ನು ಅಗ್ರ ಲೀಗ್ ಮಾಡಿ ಐ-ಲೀಗನ್ನು ಎರಡನೇ ಹಂತಕ್ಕೆ ಇಳಿಸುವ ಪ್ರಸ್ತಾವವನ್ನು ಫೆಡರೇಷನ್ ಮುಂದಿಟ್ಟಿತು. ಎರಡರ ನಡುವೆ ಬಡ್ತಿ-ಹಿಂಬಡ್ತಿ ಇಲ್ಲ. ಗೆದ್ದರೂ ಮೇಲೆ ಹೋಗಲಾಗದ ಲೀಗಿಗೆ ವರ್ಷ ವರ್ಷ ದುಡ್ಡು ಸುರಿಯುವುದು ಯಾಕೆ ಎಂದು ಸಾಳಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್ ದಿ ಗೋವಾ, ದೆಂಪೊ ಮೂರೂ ಹೊರಗೆ ನಡೆದವು. "ಎಲ್ಲಿ ಹೋದವು?" ಎಂಬ ಪ್ರಶ್ನೆಗೆ ನೇರ ಉತ್ತರ ಇದು. ತಾವಾಗಿ ಹಿಂದೆ ಸರಿದವು. ಅದು ದುಡುಕಿನ ನಿರ್ಧಾರ ಎನ್ನುವವರಿದ್ದಾರೆ. ಅವತ್ತಿನ ಕಾಗದಪತ್ರದಲ್ಲಿದ್ದ ಲೀಗಿನ ರೂಪ ನೋಡಿದರೆ ನಮಗೆ ಹಾಗೆ ಅನ್ನಿಸುವುದಿಲ್ಲ.

ಮುಂದಿನದು ಬೇಗ ಹೇಳಬಹುದು. 2017-18ರಲ್ಲಿ ಬೆಂಗಳೂರು ಎಫ್‌ಸಿ ಮತ್ತು ಜಮ್ಶೆಡ್‌ಪುರ ಸೇರಿ ಐಎಸ್‌ಎಲ್ 10 ತಂಡಗಳದ್ದಾಯಿತು. 2019ರ ಅಕ್ಟೋಬರಿನಲ್ಲಿ ಏಷ್ಯಾದ ಫುಟ್‌ಬಾಲ್ ಒಕ್ಕೂಟ ಒಪ್ಪಿದ ಮಾರ್ಗನಕ್ಷೆಯಂತೆ ಐಎಸ್‌ಎಲ್ಲೇ ದೇಶದ ಅಗ್ರ ಲೀಗ್ ಎಂದಾಯಿತು. 2020ರಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ದೊಡ್ಡ ಹೂಡಿಕೆದಾರರ ಕೈ ಹಿಡಿದು ಒಳಗೆ ಬಂದವು. ಕೋಲ್ಕತಾದ ಆ ಎರಡು ಕ್ಲಬ್‌ಗಳ ಬೆನ್ನಿಗೆ ಲಕ್ಷಾಂತರ ಅಭಿಮಾನಿಗಳಿದ್ದಾರೆ, ಅದೇ ಹೂಡಿಕೆದಾರರನ್ನು ಎಳೆಯಿತು. ಗೋವಾದ ಕ್ಲಬ್‌ಗಳಿಗೆ ಪ್ರಶಸ್ತಿಗಳಿದ್ದವು, ಅಷ್ಟು ದೊಡ್ಡ ಮಾರುಕಟ್ಟೆ ಇರಲಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ: ಅಂಕಪಟ್ಟಿಯಲ್ಲಿ ಮೊದಲು ಬಂದವರು ಚಾಂಪಿಯನ್ನೋ, ಫೈನಲ್ ಗೆದ್ದವರೋ? 2024-25ರವರೆಗೆ ಐಎಸ್‌ಎಲ್‌ನಲ್ಲಿ ಎರಡು ಬಹುಮಾನ ಇದ್ದವು. ಅಂಕಪಟ್ಟಿಯಲ್ಲಿ ಮೊದಲಿಗರಾದವರಿಗೆ ಶೀಲ್ಡ್, ಪ್ಲೇ-ಆಫ್ ಗೆದ್ದವರಿಗೆ ಕಪ್. ಶೀಲ್ಡ್ ಕೊಡಲು ಶುರು ಮಾಡಿದ್ದು 2019-20ರಲ್ಲಿ, ಮೊದಲು ಪಡೆದಿದ್ದು ಎಫ್‌ಸಿ ಗೋವಾ. ಅದರಿಂದಲೇ ಅದು ಏಷ್ಯಾದ ಚಾಂಪಿಯನ್ಸ್ ಲೀಗಿನ ಗುಂಪು ಹಂತ ಆಡಿದ ಮೊದಲ ಭಾರತೀಯ ಕ್ಲಬ್ ಆಯಿತು. 2022-23ರಿಂದ 2024-25ರವರೆಗೆ ಪ್ಲೇ-ಆಫ್‌ಗೆ ಆರು ತಂಡ: ಮೊದಲ ಎರಡು ನೇರ ಸೆಮಿಫೈನಲ್‌ಗೆ, ಮೂರನೆಯದು ಆರನೆಯದರ ವಿರುದ್ಧ ಮತ್ತು ನಾಲ್ಕನೆಯದು ಐದನೆಯದರ ವಿರುದ್ಧ ಒಂದೇ ಪಂದ್ಯ, ಅದೂ ಮೇಲಿನ ಸ್ಥಾನದವರ ತವರಿನಲ್ಲಿ. ಸೆಮಿಫೈನಲ್ ಎರಡು ಲೆಗ್ (ತವರಲ್ಲೊಂದು, ಹೊರಗೊಂದು ಪಂದ್ಯ), ಫೈನಲ್ ಒಂದು. 2024-25ರಲ್ಲಿ 13 ತಂಡಗಳು ತಲಾ 24 ಪಂದ್ಯ ಆಡಿದವು. 156 ಲೀಗ್ ಪಂದ್ಯ, ಏಳು ಪ್ಲೇ-ಆಫ್ ಪಂದ್ಯ, ಒಟ್ಟು 163.

ಅಂಕ ಸಮವಾದರೆ ಗೋಲುಗಳ ಅಂತರ ಮೊದಲು ನೋಡುವುದಿಲ್ಲ, ಆ ಎರಡು ತಂಡಗಳ ಪರಸ್ಪರ ಪಂದ್ಯಗಳನ್ನು ನೋಡುತ್ತಾರೆ. ಕೊರೊನಾ ಕಾಲದ 2020-21ರ ಪಂದ್ಯಗಳೆಲ್ಲ ಗೋವಾದ ಫಾತೋರ್ಡಾ, ಬಾಂಬೋಳಿ, ವಾಸ್ಕೋದ ತಿಲಕ್ ಮೈದಾನಗಳಲ್ಲೇ ನಡೆದವು. ಆಗ ಮುಂಬೈ ಸಿಟಿಗೂ ಎಟಿಕೆ ಮೋಹನ್ ಬಾಗಾನ್‌ಗೂ ತಲಾ 40 ಅಂಕ. ಎರಡೂ ಮುಖಾಮುಖಿ ಪಂದ್ಯ ಗೆದ್ದಿದ್ದ ಮುಂಬೈಗೆ ಶೀಲ್ಡ್ ಸಿಕ್ಕಿತು, ಫೈನಲ್‌ನಲ್ಲೂ ಅದೇ ಎದುರಾಳಿಯನ್ನು 2-1ರಿಂದ ಮಣಿಸಿತು. 2023-24ರಲ್ಲಿ ಹಾಗಾಗಲಿಲ್ಲ. ಮೋಹನ್ ಬಾಗಾನ್ 48 ಅಂಕ, ಮುಂಬೈ 47. ಶೀಲ್ಡ್ ಕೋಲ್ಕತಾಗೆ ಹೋಯಿತು, ಕಪ್ಪನ್ನು ಮುಂಬೈ ಕೋಲ್ಕತಾದಲ್ಲೇ 3-1ರಿಂದ ಗೆದ್ದು ತಂದಿತು. ನಮ್ಮನ್ನು ಕೇಳಿದರೆ ಶೀಲ್ಡೇ ದೊಡ್ಡದು. ತಿಂಗಳುಗಟ್ಟಲೆ ತವರಲ್ಲೂ ಹೊರಗೂ ಆಡಿ ಗಳಿಸಿದ ಅಂಕಕ್ಕೆ ಒಂದು ರಾತ್ರಿಯ ಆಟ ಸಮನಾಗದು.

ಈಗ ದೆಂಪೊಗೆ ದಾರಿ ಇದೆಯೇ? ಇದೆ, ಕಿರಿದಾಗಿದೆ. 2022-23ರಿಂದ ಐ-ಲೀಗ್ ಗೆದ್ದವರಿಗೆ ಫ್ರಾಂಚೈಸಿ ಶುಲ್ಕವಿಲ್ಲದೆ ಐಎಸ್‌ಎಲ್ ಪ್ರವೇಶ. ಪಂಜಾಬ್, ಆಮೇಲೆ ಮೊಹಮ್ಮಡನ್ ಸ್ಪೋರ್ಟಿಂಗ್ ಹೀಗೆಯೇ ಬಂದವು. ಜಾಗ ಒಂದೇ, ಎರಡನೆಯವರಿಗೆ ಏನೂ ಇಲ್ಲ. 2024-25ರಲ್ಲಿ ಆ ಒಂದು ಜಾಗ ಗೋವಾಕ್ಕೆ ಬಂದಂತೆಯೇ ಆಗಿತ್ತು. ಏಪ್ರಿಲ್‌ನಲ್ಲಿ ಲೀಗ್ ಮುಗಿದಾಗ ಚರ್ಚಿಲ್ ಬ್ರದರ್ಸ್ 40 ಅಂಕ, ಇಂಟರ್ ಕಾಶಿ 39. ಆದರೆ ಜನವರಿಯಲ್ಲಿ ಇಂಟರ್ ಕಾಶಿಯನ್ನು ಸೋಲಿಸಿದ್ದ ನಾಮಧಾರಿ ತಂಡ ಹಳದಿ ಕಾರ್ಡ್‌ಗಳಿಂದಾಗಿ ಅಮಾನತಿನಲ್ಲಿದ್ದ ಆಟಗಾರನನ್ನು ಇಳಿಸಿತ್ತು ಎಂಬ ದೂರಿತ್ತು, ಅದು ನಿಜವಾದರೆ ಆ ಪಂದ್ಯದ ಅಂಕ ಇಂಟರ್ ಕಾಶಿಗೆ ಹೋಗಬೇಕು. ಇಂಟರ್ ಕಾಶಿಯ ವಿದೇಶಿ ಆಟಗಾರನೊಬ್ಬನ ಮರುನೋಂದಣಿಯ ತಕರಾರೂ ಸೇರಿಕೊಂಡಿತು. ಫೆಡರೇಷನ್‌ನ ಒಂದು ಸಮಿತಿ ಒಂದು ಹೇಳಿತು, ಇನ್ನೊಂದು ಸಮಿತಿ ಅದನ್ನು ತಿರುಗಿಸಿತು, ಚರ್ಚಿಲ್ ಚಾಂಪಿಯನ್ ಎಂದು ಘೋಷಣೆಯೂ ಆಯಿತು. ಕೊನೆಗೆ ಸ್ವಿಟ್ಜರ್‌ಲೆಂಡಿನ ಕ್ರೀಡಾ ನ್ಯಾಯಮಂಡಳಿ ಜುಲೈ 18ರಂದು ಇಂಟರ್ ಕಾಶಿಯೇ ಚಾಂಪಿಯನ್ ಎಂದು ತೀರ್ಪು ಕೊಟ್ಟಿತು. ಹಳದಿ ಕಾರ್ಡ್‌ಗಳ ಲೆಕ್ಕ ಇಡುವುದು, ನೋಂದಣಿ ಕಾಗದ ಸರಿಯಾಗಿಡುವುದು ಗುಮಾಸ್ತರ ಕೆಲಸ ಎಂದು ತಂಡಗಳು ಉದಾಸೀನ ಮಾಡಬಾರದು. ಈ ಪ್ರಶಸ್ತಿ ನಿರ್ಧಾರವಾಗಿದ್ದು ಅಲ್ಲೇ.

ಬಡ್ತಿ ಸಿಕ್ಕರೂ ಪರವಾನಗಿ ಬೇಕು. ಅದಕ್ಕೆ ಐದು ಬಾಬತ್ತುಗಳ ಪರಿಶೀಲನೆ: ಕ್ರೀಡೆ, ಮೈದಾನ, ಸಿಬ್ಬಂದಿ, ಕಾನೂನು, ಹಣಕಾಸು. ಕಿರಿಯರ ತಂಡಗಳು, ತಕ್ಕ ಲೈಸೆನ್ಸ್ ಇರುವ ಮುಖ್ಯ ತರಬೇತುದಾರ, ಕ್ರೀಡಾಂಗಣದ ಒಪ್ಪಂದ, ಲೆಕ್ಕಪರಿಶೋಧನೆಯಾದ ಖಾತೆ, ಆಟಗಾರರಿಗೆ ಬಾಕಿ ಇಲ್ಲದಿರುವುದು. 'ಎ' ದರ್ಜೆಯ ಷರತ್ತು ಒಂದು ತಪ್ಪಿದರೂ ಪರವಾನಗಿ ಇಲ್ಲ. ಹೆಚ್ಚು ಕ್ಲಬ್‌ಗಳು ಎಡವುವುದು ಹಣಕಾಸಿನಲ್ಲಿ ಮತ್ತು ಮೈದಾನದಲ್ಲಿ.

ದೆಂಪೊ ಐ-ಲೀಗಿನ ಕೆಳಗಿನ ಹಂತವಾದ ಐ-ಲೀಗ್ 2ರಿಂದ ಬಡ್ತಿ ಪಡೆದು 2024-25ರಲ್ಲಿ ಐ-ಲೀಗಿಗೆ ಮರಳಿತು. ಅದೇ ವರ್ಷ ಬಡ್ತಿ ಪಡೆದ ಇನ್ನೊಂದು ತಂಡ ಎಸ್‌ಸಿ ಬೆಂಗಳೂರು ಒಂದೇ ವರ್ಷಕ್ಕೆ ಮತ್ತೆ ಕೆಳಗಿಳಿಯಿತು, ದೆಂಪೊ ಉಳಿದುಕೊಂಡಿತು. 2010ರ ಆ 15 ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿದಿದೆ. ಅದಕ್ಕೂ ಮೊದಲೇ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿಯಲಾಗಿತ್ತು, ಹೊಸ ಹಕ್ಕಿಗೆ ಕರೆದ ಟೆಂಡರ್‌ಗೆ ಒಬ್ಬರೂ ಬರಲಿಲ್ಲ. 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಮಧ್ಯೆ ಬಂದು, 14 ತಂಡಗಳ ಒಂದೇ ಸುತ್ತಿನ 91 ಪಂದ್ಯಗಳ ಲೀಗ್ ಫೆಬ್ರವರಿ 14ಕ್ಕೆ ಶುರು ಎಂದು ಪ್ರಕಟಿಸಿದರು. ಮುಂದಿನ ಒಪ್ಪಂದ ಬರೆಯುವಾಗ ನೋಡಬೇಕಾದ ಸಾಲು ಒಂದೇ: ಮೇಲಿನಿಂದ ಎಷ್ಟು ತಂಡ ಕೆಳಗಿಳಿಯುತ್ತವೆ, ಕೆಳಗಿನಿಂದ ಎಷ್ಟು ಮೇಲೆ ಬರುತ್ತವೆ. ಅಲ್ಲಿ ಎರಡು ಮತ್ತು ಎರಡು ಎಂದು ಬರೆದರೆ ದೆಂಪೊಗೂ ಚರ್ಚಿಲ್‌ಗೂ ಒಂದೇ ವರ್ಷ ಮೇಲೆ ಬರುವ ಅವಕಾಶ ಇರುತ್ತದೆ.