ಝಿಂಚೆಂಕೊ ಡಿಫೆಂಡರ್ ಹೌದೋ ಅಲ್ಲವೋ?

"ಡಿಫೆಂಡ್ ಮಾಡೋಕೇ ಬರದವನು ಡಿಫೆಂಡರ್ ಹೇಗಾದ?" ಉಕ್ರೇನಿನ ಫುಟ್ಬಾಲ್ ಆಟಗಾರ ಒಲೆಕ್ಸಾಂಡರ್ ಝಿಂಚೆಂಕೊ ಹೆಸರೆತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರೇ ಕೇಳಲಿ, ಇದನ್ನೇ ಕಳಿಸುತ್ತೇನೆ.

ಉತ್ತರ ಸರಳ. ಹುಟ್ಟಾ ಮಿಡ್‌ಫೀಲ್ಡರ್, ಕೆಲಸದಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡ ಅಂಚು ಕಾಯುವ ಡಿಫೆಂಡರ್. ಫ್ಯಾಂಟಸಿ ಲೀಗ್‌ನಲ್ಲಿ ಡಿಫೆಂಡರ್ ಪಟ್ಟಿಯಲ್ಲಿದ್ದಾನೆ ಅಂತ ತಂಡಕ್ಕೆ ಹಾಕಿಕೊಂಡು, ತಂಡ ಗೋಲು ಬಿಟ್ಟುಕೊಡದಿದ್ದರೆ ಸಿಗುವ ಕ್ಲೀನ್ ಶೀಟ್‌ನ ನಾಲ್ಕು ಪಾಯಿಂಟ್ ಹೋಯಿತೆಂದು ಬೈಯುವವರಿಗೆ ಇಷ್ಟು ಸಾಕಾಗಬೇಕು. ಸಾಕಾಗುವುದಿಲ್ಲ ಅಂತ ಗೊತ್ತು, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

1996ರಲ್ಲಿ ಉಕ್ರೇನಿನ ರಾಡೊಮಿಶ್ಲ್‌ನಲ್ಲಿ ಹುಟ್ಟಿದ. ಶಾಖ್ತಾರ್ ಡೊನೆಟ್ಸ್ಕ್‌ನ ಕಿರಿಯರ ತಂಡದಲ್ಲಿ ಬೆಳೆದದ್ದು ಗೋಲು ಹುಟ್ಟಿಸುವ ಮಿಡ್‌ಫೀಲ್ಡರ್ ಆಗಿ. 2014ರಲ್ಲಿ ಡೊನೆಟ್ಸ್ಕ್‌ಗೆ ಯುದ್ಧ ಬಂತು, ಕ್ಲಬ್ಬಿನ ಜೊತೆ ಕರಾರಿನ ತಕರಾರೂ ಸೇರಿತು, ಹುಡುಗ ರಷ್ಯಾ ಸೇರಿ 2015ರಲ್ಲಿ ಉಫಾ ತಂಡಕ್ಕೆ ಆಡಿದ. 2016ರ ಮೇ ತಿಂಗಳಲ್ಲಿ ರೊಮೇನಿಯಾ ವಿರುದ್ಧ ಗೋಲು ಹೊಡೆದು, ಉಕ್ರೇನ್ ಪರ ಗೋಲು ಹೊಡೆದ ಅತಿ ಕಿರಿಯ ಎಂಬ ಶೆವ್ಚೆಂಕೊ ದಾಖಲೆ ಮುರಿದ. ಅದೇ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಸಿಟಿ ಕೊಂಡುಕೊಂಡಿತು, ಒಂದು ವರ್ಷ ನೆದರ್ಲೆಂಡ್ಸ್‌ನ ಪಿಎಸ್‌ವಿ ಕ್ಲಬ್ಬಿಗೆ ಸಾಲಕ್ಕೆ ಕೊಟ್ಟಿತು.

ಲೆಫ್ಟ್ ಬ್ಯಾಕ್ ಆದದ್ದು ಗತಿಯಿಲ್ಲದೆ. 2017ರ ಸೆಪ್ಟೆಂಬರಿನಲ್ಲಿ ಸಿಟಿಯ ಲೆಫ್ಟ್ ಬ್ಯಾಕ್ ಬೆಂಜಮಿನ್ ಮೆಂಡಿಯ ಮಂಡಿ ಹೋಯಿತು. ಕೋಚ್ ಗ್ವಾರ್ಡಿಯೋಲಾ ಮೊದಲು ಮಿಡ್‌ಫೀಲ್ಡರ್ ಡೆಲ್ಫ್‌ನನ್ನು ಅಲ್ಲಿ ನಿಲ್ಲಿಸಿದರು, ಆಮೇಲೆ ಝಿಂಚೆಂಕೊನನ್ನು. ಸಿಟಿಯಲ್ಲಿ ಅವನಿಗೆ ನಾಲ್ಕು ಪ್ರೀಮಿಯರ್ ಲೀಗ್ ಪದಕ ಸಿಕ್ಕಿದವು. 2022ರ ಮೇ 22ರಂದು, ಋತುವಿನ ಕೊನೆಯ ಪಂದ್ಯದಲ್ಲಿ, ಅರ್ಧವಿರಾಮಕ್ಕೆ ಫೆರ್ನಾಂಡಿನ್ಯೊ ಬದಲು ಇಳಿದ. ಆಸ್ಟನ್ ವಿಲ್ಲಾ 2-0 ಮುಂದಾಯಿತು. 78ನೇ ನಿಮಿಷದಲ್ಲಿ ಎಡಗಡೆಯಿಂದ ಅವನು ಹಿಂದಕ್ಕೆ ಕೊಟ್ಟ ಪಾಸಿಗೆ ರೊಡ್ರಿ ಹೊಡೆದದ್ದು ಸಮಬಲದ ಗೋಲು. ಸಿಟಿ 3-2ರಲ್ಲಿ ಗೆದ್ದು ಪ್ರಶಸ್ತಿ ಎತ್ತಿತು. ಕೆಲಸಕ್ಕೆ ಬಾರದ ಲೆಫ್ಟ್ ಬ್ಯಾಕ್ ಅನ್ನುವವರು ಆ 45 ನಿಮಿಷ ಕೂತು ನೋಡಲಿ.

ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ ಇದೆ, ಯಾರೂ ಕೇಳುವುದಿಲ್ಲ. ಅವನು ಮೈದಾನದ ಮಧ್ಯಕ್ಕೆ ಹೋದಾಗ, ಬಿಟ್ಟುಹೋದ ಜಾಗ ಕಾಯುವವರು ಯಾರು?

2022ರ ಜುಲೈನಲ್ಲಿ ಆರ್ಸೆನಲ್ ಸೇರಿದ ಮೇಲಿನ ಆಟ ತೆಗೆದುಕೊಳ್ಳಿ. ಕಾಗದದ ಮೇಲೆ ನಾಲ್ವರು ಡಿಫೆಂಡರ್‌ಗಳು. ಚೆಂಡು ಸಿಕ್ಕ ಕೂಡಲೇ ತಂಡ 3-2-5 ಆಗುತ್ತಿತ್ತು, ಅಂದರೆ ಹಿಂದೆ ಮೂವರು, ನಡುವೆ ಇಬ್ಬರು, ಮುಂದೆ ಐವರು. ಹಿಂದೆ ವೈಟ್, ಸಲೀಬಾ, ಗೇಬ್ರಿಯೆಲ್. ಅವರ ಮುಂದೆ ಮಿಡ್‌ಫೀಲ್ಡರ್ ಥಾಮಸ್ ಪಾರ್ಟಿಯ ಪಕ್ಕಕ್ಕೆ ಝಿಂಚೆಂಕೊ. ಅವನು ಬಂದದ್ದರಿಂದ ಇನ್ನೊಬ್ಬ ಮಿಡ್‌ಫೀಲ್ಡರ್ ಝಾಕಾ ಮೇಲಕ್ಕೆ ಹೋಗಿ ಎದುರಾಳಿ ಗೋಲಿನ ಮುಂದಿನ ಬಾಕ್ಸಿನ ಅಂಚಿನಲ್ಲಿ ನಿಲ್ಲುತ್ತಿದ್ದ.

ಅಂಚಿನಲ್ಲಿ ದಾಳಿ ಮಾಡುವ ಎದುರಾಳಿ ವಿಂಗರ್‌ಗೆ ಇಲ್ಲಿಂದ ತಲೆನೋವು ಶುರು. ಝಿಂಚೆಂಕೊನ ಬೆನ್ನುಹತ್ತಿ ಒಳಗೆ ಬಂದರೆ ಪಕ್ಕದ ಗೆರೆ ಖಾಲಿಯಾಗುತ್ತದೆ, ಗೇಬ್ರಿಯೆಲ್ ನೇರವಾಗಿ ಎಡ ವಿಂಗರ್ ಮಾರ್ಟಿನೆಲ್ಲಿಗೆ ಪಾಸ್ ಕೊಡುತ್ತಾನೆ. ಬರದೆ ಹೊರಗೇ ನಿಂತರೆ ನಡುವೆ ಝಿಂಚೆಂಕೊನನ್ನು ತಡೆಯುವವರು ಯಾರೂ ಇಲ್ಲ. ಅವನು ಚೆಂಡು ಬರುವ ಮೊದಲೇ ಭುಜ ತಿರುಗಿಸಿ ಹಿಂದೆ ನೋಡಿಕೊಂಡಿರುತ್ತಾನೆ, ಮೈಯನ್ನು ಅರ್ಧ ಮುಂದಕ್ಕೆ ತೆರೆದು ನಿಂತಿರುತ್ತಾನೆ. ಆದ್ದರಿಂದ ಒಂದೇ ಸ್ಪರ್ಶಕ್ಕೆ ಎಡಗಾಲಿನಿಂದ ಬಲಗಡೆಯ ಒಡೆಗಾರ್ಡ್‌ಗೋ ಬುಕಾಯೊ ಸಾಕಾನಿಗೋ ಚೆಂಡು ತಲುಪಿಸಬಲ್ಲ. ಇದನ್ನು ಮಾಡಬಲ್ಲ ಲೆಫ್ಟ್ ಬ್ಯಾಕ್‌ಗಳು ಆಗ ಬೆರಳೆಣಿಕೆಯಷ್ಟೇ ಇದ್ದರು.

ಚೆಂಡು ಕಳೆದುಹೋದರೆ? ಆಗ ಗೇಬ್ರಿಯೆಲ್ ಎಡಕ್ಕೆ ಓಡಬೇಕು, ಅವನು ಬಿಟ್ಟ ಜಾಗಕ್ಕೆ ಸಲೀಬಾ ಜಾರಬೇಕು, ವೈಟ್ ನಡುವಿಗೆ ಬರಬೇಕು. ಝಿಂಚೆಂಕೊ ಸ್ವತಃ ಮಧ್ಯದಿಂದ ಮೂಲೆಗೆ ಅಡ್ಡಡ್ಡ ಓಡಿಬರಬೇಕು, ಅವನ ಓಟ ಅಷ್ಟು ಜೋರಿಲ್ಲ. ಈ ಸರಪಳಿಯ ಜೀವ ಇದ್ದದ್ದು ಸಲೀಬಾನ ವೇಗದಲ್ಲಿ. 2023ರ ಮಾರ್ಚ್ 16ರಂದು ಸ್ಪೋರ್ಟಿಂಗ್ ವಿರುದ್ಧ ಅವನ ಬೆನ್ನಿಗೆ ಪೆಟ್ಟಾಯಿತು, ಇನ್ನೊಬ್ಬ ಡಿಫೆಂಡರ್ ಟೊಮಿಯಾಸು ಕೂಡ ಅದೇ ರಾತ್ರಿ ಗಾಯಗೊಂಡ. ಸಲೀಬಾ ಜಾಗಕ್ಕೆ ನಿಧಾನದ ರಾಬ್ ಹೋಲ್ಡಿಂಗ್ ಬಂದ. ಏಪ್ರಿಲ್‌ನಲ್ಲಿ ಲಿವರ್‌ಪೂಲ್ 2-2, ವೆಸ್ಟ್ ಹ್ಯಾಮ್ 2-2, ಸೌತಾಂಪ್ಟನ್ 3-3, ಆಮೇಲೆ ಸಿಟಿ ಎದುರು 1-4. ಕೊನೆಗೆ ಲೀಗ್ ಪಟ್ಟಿಯಲ್ಲಿ ಸಿಟಿಗೆ 89 ಪಾಯಿಂಟ್, ಆರ್ಸೆನಲ್‌ಗೆ 84. ಈ ಕುಸಿತವನ್ನು ಝಿಂಚೆಂಕೊ ತಲೆಗೆ ಕಟ್ಟುವವರೇ, ವೆಸ್ಟ್ ಹ್ಯಾಮ್ ಪಂದ್ಯದಲ್ಲಿ ಅವನು ಆಡಿಯೇ ಇಲ್ಲ. ಲೆಫ್ಟ್ ಬ್ಯಾಕ್ ಟಿಯರ್ನಿ ಇದ್ದ, ಎರಡು ಗೋಲಿನ ಮುನ್ನಡೆ ಆಗಲೂ ಕೈಬಿಟ್ಟಿತು.

ಹಾಗಂತ ಅವನ ದೌರ್ಬಲ್ಯ ಮುಚ್ಚಿಡುವುದಿಲ್ಲ. 2023ರ ಡಿಸೆಂಬರ್ 23, ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್, 29ನೇ ನಿಮಿಷ. ಅಲೆಕ್ಸಾಂಡರ್-ಆರ್ನಲ್ಡ್ ಹಿಂದಿನಿಂದ ಉದ್ದಕ್ಕೆ ಎತ್ತಿದ ಚೆಂಡು ಲಿವರ್‌ಪೂಲ್ ವಿಂಗರ್ ಸಲಾ ಕಡೆಗೆ ಬಂತು. ಝಿಂಚೆಂಕೊ ಅಲ್ಲಿಯೇ ಇದ್ದ, ಮಧ್ಯದಲ್ಲಿ ಸಿಕ್ಕಿಬಿದ್ದಿರಲಿಲ್ಲ. ಎಡಗಾಲಿನ ಸಲಾನನ್ನು ಹೊರಕ್ಕೆ, ಗೆರೆಯ ಕಡೆಗೆ, ತಳ್ಳಬೇಕಿತ್ತು. ಒಳಗಿನ ದಾರಿ ಬಿಟ್ಟುಕೊಟ್ಟ. ಸಲಾ ಒಳಗೆ ಕತ್ತರಿಸಿ ಎಡಗಾಲಲ್ಲೇ ಬಾರಿಸಿದ, ಗೋಲು. ಇದು ವ್ಯವಸ್ಥೆಯ ತಪ್ಪಲ್ಲ, ಅವನದೇ. ಒಬ್ಬರಿಗೊಬ್ಬರು ಎದುರಾದಾಗ ಅವನು ಒಳ್ಳೆಯ ವಿಂಗರ್‌ಗೆ ಸೋಲುತ್ತಾನೆ, ಅದನ್ನು ಒಪ್ಪುತ್ತೇನೆ. ಅದೊಂದೇ ಕ್ಲಿಪ್ ಇಟ್ಟುಕೊಂಡು ಒಬ್ಬನ ಇಡೀ ಆಟ ಅಳೆಯಬೇಡಿ ಮಾರಾಯ್ರೆ, ಅಷ್ಟೇ ನನ್ನ ಕೋಪ.

ಇನ್ನೊಂದು ಕ್ಲಿಪ್ ಬೇಕಾದರೆ 2021ರ ಜೂನ್ 29ರ ಗ್ಲಾಸ್ಗೊ ಪಂದ್ಯ ಹುಡುಕಿ. ಸ್ವೀಡನ್ ವಿರುದ್ಧ ಉಕ್ರೇನಿನ ಯೂರೋ ನಾಕೌಟ್. ಅಲ್ಲಿ ಹಿಂದೆ ಮೂವರು ಸೆಂಟರ್ ಬ್ಯಾಕ್‌ಗಳಿದ್ದರು, ಆದ್ದರಿಂದ ಅವನು ಎಡ ಅಂಚಿನುದ್ದಕ್ಕೂ ನಿರಾಳವಾಗಿ ಆಡಿದ. ಯಾರ್ಮೊಲೆಂಕೊ ಕೊಟ್ಟ ಚೆಂಡಿಗೆ ಮೊದಲ ಗೋಲು ಅವನದು. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ ದೊವ್ಬಿಕ್ ತಲೆಯಿಂದ ಹೊಡೆದ ಗೆಲುವಿನ ಗೋಲಿಗೆ ಎಡಗಡೆಯಿಂದ ಕ್ರಾಸ್ ಕೊಟ್ಟವನೂ ಅವನೇ. ಆಟಗಾರ ಅದೇ, ಬೆನ್ನಹಿಂದೆ ಕಾವಲಿತ್ತು.

ಆರ್ಸೆನಲ್ ಆ ಜಾಗಕ್ಕೆ ಬೇರೆಯವರನ್ನು ತಂದಿತು. 2023-24ರಲ್ಲಿ ಅವನ ಮೀನಖಂಡ ಕೈಕೊಟ್ಟಾಗ ಕಿವಿಯೊರ್, ಮುಂದಿನ ಋತುವಿನಲ್ಲಿ ಟಿಂಬರ್, ಕಲಾಫಿಯೊರಿ, ಲೂಯಿಸ್-ಸ್ಕೆಲಿ. ಲೂಯಿಸ್-ಸ್ಕೆಲಿ ಕೂಡ ಅಕಾಡೆಮಿಯಲ್ಲಿ ಮಿಡ್‌ಫೀಲ್ಡರ್ ಆಗಿದ್ದವನೇ, ಆದರೆ ಅವನನ್ನು ಯಾರೂ ಹೀಗೆ ಕೇಳಿದ್ದು ಕಾಣೆ. 2025ರ ಸೆಪ್ಟೆಂಬರ್ 1ಕ್ಕೆ ಝಿಂಚೆಂಕೊ ಸಾಲದ ಮೇಲೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೊರಟ.

ಮುಂದಿನ ಸಲ ಆರ್ಸೆನಲ್ ಪಂದ್ಯ ನೋಡುವಾಗ ಕಲಾಫಿಯೊರಿ ಎದುರಾಳಿ ಬಾಕ್ಸಿಗೆ ನುಗ್ಗಿದ ಕ್ಷಣ ಚೆಂಡು ಬಿಟ್ಟು ಹಿಂದಿನ ಎಡಮೂಲೆ ನೋಡಿ. ಅಲ್ಲಿ ಯಾರು ನಿಂತಿದ್ದಾರೆ, ಯಾಕೆ ಅವರೇ ನಿಂತಿದ್ದಾರೆ ಅಂತ ಕೇಳಿ, ರಾತ್ರಿಯಿಡೀ ಬೇಕಾದರೂ ಉತ್ತರ ಹೇಳುತ್ತೇನೆ.