ಅರ್ಧ ವೇಗದಲ್ಲಿ ಕಕ್ಕಬ್ಬೆ

"ಇದಕ್ಕೂ ಸೀಟು ಬೇಕೇ?" ಎಂದು ಕಂಡಕ್ಟರ್ ಕೇಳಿದಾಗ ನನ್ನ ಹಿಂದಿನ ಸಾಲಿನವರೆಲ್ಲ ನಕ್ಕರು. ಗಿಟಾರ್ ಹೊತ್ತು ರಾತ್ರಿ ಬಸ್ ಹತ್ತುವವನಿಗೆ ಇದು ಹೊಸದಲ್ಲ. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 250 ಕಿಲೋಮೀಟರ್. ಅಷ್ಟು ದೂರವೂ ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ರಸ್ತೆಯ ಪ್ರತಿ ಉಬ್ಬಿಗೂ ಅದರ ಕತ್ತು ಹಿಡಿದುಕೊಂಡೇ ಬಂದೆ. ಕುಶಾಲನಗರದ ಬಳಿ ಕಾವೇರಿ ದಾಟುವಾಗ ಕಿಟಕಿಯಾಚೆ ಮಂಜು ಬಿಟ್ಟು ಬೇರೇನೂ ಇರಲಿಲ್ಲ. ಮಡಿಕೇರಿಯಲ್ಲಿ ಇಳಿದು, ಕಾಫಿ ಕುಡಿದು, ನಾಪೋಕ್ಲು ಮಾರ್ಗದ ಬಸ್ ಹಿಡಿದೆ.

ಹೋಗುತ್ತಿದ್ದುದು ಕಕ್ಕಬ್ಬೆಗೆ, ಗೆಳೆಯನ ಮಾವನ ಮನೆಗೆ. ನಾನೂ ಅವರನ್ನು ಮಾವ ಎಂದೇ ಕರೆಯುತ್ತೇನೆ. ಎಪ್ಪತ್ತರ ದಶಕದಲ್ಲಿ ಮುಂಬಯಿಯಲ್ಲಿ ನೌಕರಿಯಲ್ಲಿದ್ದವರು. ಅಲ್ಲಿನ ಹೋಟೆಲುಗಳಲ್ಲಿ ನುಡಿಸುತ್ತಿದ್ದ ಗೋವೆಯ ಕಲಾವಿದರೊಬ್ಬರ ಬಳಿ ಗಿಟಾರ್ ಕಲಿತರು. 1978ರಲ್ಲಿ ಮೊದಲ ಜಾಝ್ ಯಾತ್ರಾ ಉತ್ಸವ ನಡೆದಾಗ ರಜೆ ಹಾಕಿ ಹೋಗಿ ಕುಳಿತವರು. ಆಮೇಲೆ ತೋಟ ನೋಡಿಕೊಳ್ಳಲು ಊರಿಗೆ ಮರಳುವಾಗ ಎರಡು ಪೆಟ್ಟಿಗೆ ಎಲ್‌ಪಿ ರೆಕಾರ್ಡುಗಳನ್ನು ಹೊತ್ತು ತಂದರು. ನಾನಾದರೋ ಜಾಝ್ ಕಲಿಯಲು ಹೊರಟು ಮೂರು ವರ್ಷವಾಗಿತ್ತು. ಇನ್ನೂರು ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಹಿಡಿತ ಬರುತ್ತಿತ್ತು. ಒಂದು ಹಾಡು ಬರುತ್ತಿರಲಿಲ್ಲ.

ಕೊಡವರ ಸುಗ್ಗಿ ಹಬ್ಬ ಪುತ್ತರಿ ಕಳೆದು ಎರಡು ದಿನವಾಗಿತ್ತು. ಆ ಹಬ್ಬದ ಮುಹೂರ್ತ ನಿಗದಿಯಾಗುವುದೇ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ಹೊಸ ಕದಿರು ಬಾಗಿಲಲ್ಲಿ ಇನ್ನೂ ಹಸಿರಾಗಿತ್ತು. ಅತ್ತೆ ತಟ್ಟೆ ತುಂಬ ತಂಬುಟ್ಟು ಕೊಟ್ಟರು. ಗದ್ದೆಯಾಚೆ ತಡಿಯಂಡಮೋಳ್ ಬೆಟ್ಟ ಅರ್ಧ ಮಾತ್ರ ಕಾಣುತ್ತಿತ್ತು. ಚಾರಣದ ಕಥೆಯನ್ನು ನಿರೀಕ್ಷಿಸುವವರು ಇಲ್ಲಿಗೇ ನಿಲ್ಲಿಸಬಹುದು: ಮೂರು ದಿನದಲ್ಲಿ ನಾನು ಬೆಟ್ಟ ಹತ್ತಲಿಲ್ಲ, ನಾಲ್ಕುನಾಡು ಅರಮನೆಯನ್ನೂ ನೋಡಲಿಲ್ಲ.

ರೆಕಾರ್ಡುಗಳಿದ್ದ ಬೀರುವಿನೊಳಗೆ ಒಂದು ಬಲ್ಬ್ ಹಾಕಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಆರುವುದಿಲ್ಲವಂತೆ, ಇಲ್ಲದಿದ್ದರೆ ರಟ್ಟಿನ ಕವಚಕ್ಕೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಗಿಟಾರಿನ ಹೊಟ್ಟೆಯೂ ತೇವ ಕುಡಿದು ಉಬ್ಬಿ, ತಂತಿಗಳು ಮೇಲೇರಿ, ಒತ್ತುವ ಬೆರಳು ನೋಯುತ್ತದೆ. "ನಾಲ್ಕು ತಿಂಗಳು ಅದೂ ನನ್ನ ಹಾಗೆ, ಮುಟ್ಟಿದರೆ ಮುನಿಸು" ಎಂದರು ಮಾವ.

ನನ್ನ ಗಿಟಾರ್ ಚಳಿಗೆ ತಂತಿ ಬಿಗಿದು ಶ್ರುತಿ ಏರಿತ್ತು. ಇಳಿಸಿಕೊಂಡು, ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ನುಡಿಸಿ ತೋರಿಸಿದೆ. ಮಾವ ಕೇಳಿದರು. ಆಮೇಲೆ ನಾಲ್ಕು ತಂತಿಗಳನ್ನು ಬಿಟ್ಟುಬಿಡು ಎಂದರು.

ಉಳಿದವು ಮೂರನೆಯದು ಮತ್ತು ನಾಲ್ಕನೆಯದು. ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಎಂಬ ಮೂರು ಕಾರ್ಡುಗಳ ಸಾಲು ಜಾಝ್‌ನಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ನಾಲ್ಕನೆಯ ತಂತಿಯಲ್ಲಿ ಮೂರನೆಯ ಮೆಟ್ಟಿಲು (ಫ್ರೆಟ್), ಮೂರನೆಯ ತಂತಿಯಲ್ಲಿ ಐದನೆಯ ಮೆಟ್ಟಿಲು: ಇದು ಡಿ ಮೈನರ್. ಈಗ ಮೂರನೆಯ ತಂತಿಯ ಬೆರಳನ್ನು ಮಾತ್ರ ಒಂದು ಮೆಟ್ಟಿಲು ಕೆಳಗಿಳಿಸಿದರೆ ಜಿ ಸೆವೆನ್. ನಾಲ್ಕನೆಯ ತಂತಿಯ ಬೆರಳನ್ನು ಒಂದು ಮೆಟ್ಟಿಲು ಇಳಿಸಿದರೆ ಸಿ ಮೇಜರ್. ಅಷ್ಟೇ. ಷಡ್ಜ ಪಂಚಮಗಳನ್ನು ಬಾಸ್ ನುಡಿಸುವವನಿಗೆ ಬಿಟ್ಟು, ಪ್ರತಿ ಕಾರ್ಡಿನ ಗಾಂಧಾರ ನಿಷಾದಗಳನ್ನು ಮಾತ್ರ ಹಿಡಿದುಕೊಳ್ಳುವ ಉಪಾಯವಿದು. ಮೂರು ವರ್ಷ ನಾನು ಬೆರಳುಗಳನ್ನು ಮೆಟ್ಟಿಲುಗಳ ಮೇಲೆಲ್ಲ ಓಡಿಸಿದ್ದೆ. ಇಲ್ಲಿ ನೋಡಿದರೆ ಕಾರ್ಡಿಗೆ ಒಂದೊಂದು ಬೆರಳು, ಅದೂ ಒಂದೊಂದೇ ಮೆಟ್ಟಿಲು. ಅಮೆರಿಕದ ಜಾಝ್ ಪಿಯಾನೊ ವಾದಕ ಕೌಂಟ್ ಬೇಸಿಯ ವಾದ್ಯವೃಂದದಲ್ಲಿ 1937ರಿಂದ ಸುಮಾರು ಐವತ್ತು ವರ್ಷ ಗಿಟಾರ್ ನುಡಿಸಿದ ಫ್ರೆಡ್ಡಿ ಗ್ರೀನ್ ಇಂಥ ಎರಡು ಮೂರು ಸ್ವರಗಳ ಕಾರ್ಡುಗಳಿಂದಲೇ ಇಡೀ ತಂಡವನ್ನು ನಡೆಸಿದರು. ಸೋಲೊ ನುಡಿಸಿದ್ದು ತೀರ ಅಪರೂಪ.

ನಾನು ನುಡಿಸುತ್ತಿದ್ದಾಗ ಮಾವ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದರು. ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಕುಟ್ಟು. ಸಮದಲ್ಲಿ ತಟ್ಟಿ ಬೆಳೆದ ನನ್ನ ಕಾಲು ಒಂದಕ್ಕೂ ಮೂರಕ್ಕೂ ಬೀಳುತ್ತಿತ್ತು. ಅರ್ಧ ಗಂಟೆ ಕೋಲಿಗೂ ಕಾಲಿಗೂ ಜಗಳ ನಡೆಯಿತು.

ಸಂಜೆ ಅವರು ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್‌ಗೊಮೆರಿಯ ರೆಕಾರ್ಡನ್ನು ಹಾಕಿದರು. ಮನೆಯಲ್ಲಿ ಸದ್ದು ಕಡಿಮೆಯಾಗಲೆಂದು ತಂತಿ ಮೀಟುವ ಪ್ಲೆಕ್ಟ್ರಮ್ ಬಿಟ್ಟು ಹೆಬ್ಬೆರಳಲ್ಲಿ ನುಡಿಸತೊಡಗಿದರಂತೆ ವೆಸ್. ಆ ಹೆಬ್ಬೆರಳಿನ ನಾದ ಮರದ ಮನೆಯೊಳಗೆ ತುಂಬಿಕೊಂಡಿತು. ಮೊಬೈಲಿನಲ್ಲಿ ನೂರು ಸಲ ಕೇಳಿದ್ದೇ ಆದರೂ ಇಲ್ಲಿ ತಂತಿಗೆ ತೂಕವಿತ್ತು. ಸೋಲೊ ಬಂದಾಗ ಮಾವ ವೇಗದ ಗುಂಡಿಯನ್ನು 33ರಿಂದ 16ಕ್ಕೆ ತಿರುಗಿಸಿದರು. ನಿಮಿಷಕ್ಕೆ 33⅓ ಸುತ್ತಿನ ಸರಿಯಾಗಿ ಅರ್ಧ 16⅔. ವೇಗ ಅರ್ಧವಾದಾಗ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಆದರೆ ಸಾ ಸಾ ಆಗಿಯೇ, ಗಾ ಗಾ ಆಗಿಯೇ ಉಳಿಯುತ್ತದೆ. ಹಾಗಾಗಿ ಗಿಟಾರಿನ ಶ್ರುತಿ ಮುಟ್ಟದೆ ಜೊತೆಗೂಡಿ ನುಡಿಸಬಹುದು. ಕಣ್ಣಿಗೆ ಸಿಗದೆ ಓಡುತ್ತಿದ್ದ ಸ್ವರಗಳು ಗದ್ದೆ ಬದುವಿನಲ್ಲಿ ನಡೆಯುವವರಂತೆ ಒಂದರ ಹಿಂದೊಂದು ಬಂದವು. ವೆಸ್‌ಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಹಿಂದಿನ ಪೀಳಿಗೆಯ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ರೆಕಾರ್ಡುಗಳನ್ನು ಕೇಳಿಯೇ ಕಲಿತವರು. ನಾನು ಎಂಟು ಎಣಿಕೆಯ ಒಂದು ತುಣುಕು ಹಿಡಿಯುವಷ್ಟರಲ್ಲಿ ಊಟದ ಹೊತ್ತಾಯಿತು.

ಮರುದಿನ ಬೆಳಿಗ್ಗೆ ದುಡಿ ಎಂಬ ಚರ್ಮವಾದ್ಯದ ಸದ್ದು ಕೇಳಿತು. ನಾಲ್ವರು ಗಂಡಸರು, ನಾಲ್ಕು ಪುಟ್ಟ ದುಡಿ. ಕಯ್ಯಾಲೆಯ, ಅಂದರೆ ಮನೆ ಮುಂದಿನ ಜಗುಲಿಯ, ಐಮರವೆಂಬ ಮರದ ಆಸನದ ಮೇಲೆ ಇಬ್ಬರು ಈ ಕಡೆ, ಇಬ್ಬರು ಆ ಕಡೆ ಕುಳಿತು ಆ ಮನೆಯನ್ನು ಹೊಗಳಿ ಹಾಡಲು ಶುರುಮಾಡಿದರು. ಒಂದು ಜೋಡಿ ಸಾಲು ಹೇಳುತ್ತದೆ, ಇನ್ನೊಂದು ಜೋಡಿ ಅದನ್ನು ಎತ್ತಿಕೊಳ್ಳುತ್ತದೆ. ನನ್ನ ಕೈ ತಾನಾಗಿ ಗಿಟಾರಿನತ್ತ ಹೋಯಿತು. ಮಾವ ನನ್ನತ್ತ ತಿರುಗದೆಯೇ ಹೇಳಿದರು: "ಅದನ್ನು ಒಳಗಿಡು." ಒಳಗಿಟ್ಟು ಬಂದು ಮೊಬೈಲಿನಲ್ಲಿ ಧ್ವನಿಮುದ್ರಣ ಹಚ್ಚಿದೆ.

ಹಿರಿಯ ಹಾಡುಗಾರರಿಗೆ ನಡುವೆ ಕೆಮ್ಮು ಬಂತು. ದುಡಿ ನಿಲ್ಲಲಿಲ್ಲ. ಎದುರಿನ ಜೋಡಿ, ಇನ್ನೂ ಹೇಳದ ಸಾಲಿನ ತುದಿಯನ್ನು ಹಿಡಿದುಕೊಂಡು ಮುಂದೆ ನಡೆಯಿತು. ಕೆಮ್ಮು ಮುಗಿಸಿದವರು ಅರ್ಧದಲ್ಲಿ ಬಂದು ಸೇರಿಕೊಂಡರು. ಜಾಝ್ ಕಛೇರಿಗಳಲ್ಲಿ ವಾದಕರು ನಾಲ್ಕು ನಾಲ್ಕು ಆವರ್ತ ಹಂಚಿಕೊಂಡು ಸವಾಲು ಜವಾಬು ನಡೆಸುವಾಗ ನಾನು ಕಾಯುವುದು ಇಂಥ ಗಳಿಗೆಗಾಗಿಯೇ. ರೆಕಾರ್ಡಿನಲ್ಲಿ ಕೆಮ್ಮಿದ್ದರೆ ಇನ್ನೊಮ್ಮೆ ನುಡಿಸಿ ಎನ್ನುತ್ತಿದ್ದರೋ ಏನೋ.

ಬೆಂಗಳೂರಿಗೆ ಮರಳಿದ ಮೇಲೆ ಆ ಮುದ್ರಣವನ್ನೂ ಅರ್ಧ ವೇಗಕ್ಕಿಳಿಸಿ ಕೇಳಿದೆ. ಎರಡನೆಯ ಜೋಡಿ ಸುಮ್ಮನೆ ಪುನರಾವರ್ತಿಸುತ್ತದೆ ಎಂದುಕೊಂಡಿದ್ದು ತಪ್ಪು. ಮೊದಲಿನವರ ಕೊನೆಯ ಅಕ್ಷರ ಬಾಯಲ್ಲಿರುವಾಗಲೇ ಇವರು ಒಳಗೆ ಬಂದಿರುತ್ತಾರೆ. ಆ ಕೂಡಿಕೆ ಎಲ್ಲಿ ಬೀಳುತ್ತದೆಂದು ಎರಡು ವಾರದಿಂದ ಕೋಲು ಕುಟ್ಟಿಕೊಂಡು ಎಣಿಸುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಆರನೆಯ ನಿಮಿಷದಲ್ಲಿ ಅತ್ತೆ "ಕಾಫಿ ಆರುತ್ತಿದೆ" ಎಂದು ಕೂಗುತ್ತಾರೆ. ಒಂದು ಸ್ಥಾಯಿ ಕೆಳಗಿಳಿದ ಆ ದನಿ ಥೇಟ್ ಮಾವನದೇ.